ಹುಚ್ಚ ವಿರುದ್ಧ ದೇವಿ

ಹುಮಾ ಕಾನೂನು ಓದಬೇಕೆಂದು ತೀರ್ಮಾನಿಸಿದವಳು ಅವಳ ದಾದಿ, ಅಂದರೆ ಅಪ್ಪನ ತಾಯಿ, ಬಿಸ್ಮಿಲ್ಲಾ ಬಿ. ಹುಮಾ ಆಗ ಇನ್ನೂ ಐದನೇ ಇಯತ್ತೆಯಲ್ಲಿದ್ದಳು. ಅಪ್ಪ ಗನಿ ಯಲ್ಲಾಪುರದಲ್ಲಿ ಒಂದು ಸಣ್ಣ ಲಾರಿ ಇಟ್ಟುಕೊಂಡು ಬಾಡಿಗೆಗೆ ಸಾಮಾನು ಸಾಗಿಸುತ್ತಿದ್ದ. ಶಾಲೆಗೆ ರಜೆ ಬಂತೆಂದರೆ ಮಗಳು ಮುಂದಿನ ಸೀಟಿನಲ್ಲಿ ಹಾಜರು. ಒಂದು ದಿನ ಹುಬ್ಬಳ್ಳಿ ದಾರಿಯಲ್ಲಿ ಪೊಲೀಸರೊಬ್ಬರು ಲಾರಿಗೆ ಕೈ ಅಡ್ಡ ಹಿಡಿದರು. ತಾಡಪತ್ರಿ ಮುಚ್ಚಿದ ಹೇರನ್ನು ನೋಡಿ, “ಓವರ್‌ಲೋಡ್ ಆಗೇತಲ್ಲೋ” ಎಂದರು.

ಗನಿ ಬಾಯಿ ತೆರೆಯುವ ಮೊದಲೇ ಕಿಟಕಿಯಿಂದ ಒಂದು ಜಡೆ ಹೊರಗೆ ಬಂತು. “ಅಂಕಲ್, ನೀವು ತೂಕ ಮಾಡಿದ್ರಾ?”

“ನೋಡಿದ್ರ ಗೊತ್ತಾಗ್ತೇತಿ ಬಿಡವ್ವಾ.”

“ನೋಡಿದ್ರೆ ಗೊತ್ತಾಗೋದಾದ್ರೆ ಒಳಗೆ ಎಂತ ಇದೆ ಹೇಳಿ.”

ಪೊಲೀಸರು ತಾಡಪತ್ರಿಯ ಮೂಲೆ ಎತ್ತಿ ನೋಡಿದರು. ಒಳಗೆ ಖಾಲಿ ಪ್ಲಾಸ್ಟಿಕ್ ಡ್ರಮ್ಮುಗಳು. ಅವರು ನಕ್ಕು, “ನಾಳಿಂದ ಈ ಹುಡುಗೀನ ಮನ್ಯಾಗ ಬಿಟ್ಟ ಬಾ ಮಾರಾಯಾ” ಎಂದು ಲಾರಿ ಬಿಟ್ಟರು.

ಮನೆಗೆ ಬಂದ ಗನಿ ಇದನ್ನು ದೂರಿನಂತೆಯೇ ತಾಯಿಯ ಮುಂದೆ ಇಟ್ಟ. ಬಿಸ್ಮಿಲ್ಲಾ ಬಿ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು. “ಇವಳನ್ನು ಡಾಕ್ಟರ್ ಮಾಡಿದರೆ ರೋಗಿಯ ಜೊತೆ ವಾದ ಮಾಡ್ತಾಳೆ. ಟೀಚರ್ ಮಾಡಿದರೆ ಮಕ್ಕಳು ಶಾಲೆ ಬಿಡ್ತಾವೆ. ವಕೀಲಿ ಓದಿಸು” ಎಂದು ಮನೆಯ ಉರ್ದುವಿನಲ್ಲಿ ಅಪ್ಪಣೆ ಕೊಟ್ಟು ಎಲೆಯನ್ನು ದವಡೆಗೆ ಸೇರಿಸಿದಳು. ಆ ಮಾತಿನ ಮೇಲೆ ಮೇಲ್ಮನವಿಗೆ ಅವಕಾಶ ಇರಲಿಲ್ಲ.

ಹೀಗೆ ಪಿಯುಸಿ ಮುಗಿಸಿದ ಹುಮಾ ಶಿರಸಿಗೆ ಬಂದು ಐದು ವರ್ಷದ ಕಾನೂನು ಓದಿಗೆ ಸೇರಿ, ಹಾಸ್ಟೆಲ್ ಹಿಡಿದಳು. ಊರ ಹೊರಗೆ ಗುಡ್ಡದ ಮೇಲಿದ್ದ ಆ ಕಾಲೇಜಿಗೆ ಹುಡುಗರೆಲ್ಲ ಗುಡ್ಡದ ಕಾಲೇಜು ಎನ್ನುತ್ತಿದ್ದರು. ಅಲ್ಲಿಯ ಗ್ರಂಥಾಲಯದಲ್ಲಿ ಹಳೆಯ ತೀರ್ಪುಗಳ ದಪ್ಪ ದಪ್ಪ ಸಂಪುಟಗಳು ಗೋಡೆ ತುಂಬ ನಿಂತಿದ್ದವು. ಅವುಗಳಿಗೆ ಒರಗಿ ನಿಂತು ಫೋಟೋ ತೆಗೆಸಿಕೊಳ್ಳದ ವಿದ್ಯಾರ್ಥಿ ಇರಲಿಲ್ಲ, ತೆರೆದು ಓದಿದವನು ಒಬ್ಬನೇ ಇದ್ದ. ಅವನು ಉಮ್ಮಚಗಿಯ ವಿಘ್ನೇಶ್ವರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಯಾರು ಏನೇ ಹೇಳಲಿ, “ಯಾವ ಪುಟ?” ಎಂದು ಕೇಳುವ ಚಟ. ಕ್ಯಾಂಟೀನಿನಲ್ಲಿ ಬನ್ಸ್ ಮುಗಿದಿದೆ ಎಂದರೂ ಹಾಗೆ ಕೇಳುತ್ತಾನೆಂದು ಹುಡುಗಿಯರು ಅವನಿಗೆ ಪುಟಸಂಖ್ಯೆ ಎಂದು ಹೆಸರಿಟ್ಟಿದ್ದರು.

ಹುಮಾ ಅವನಿಗೆ ತೀರ ತದ್ವಿರುದ್ಧ. ಮಾತು ಬಾಯಿಗೆ ಬಂದ ಮೇಲೆ ವಿಷಯ ತಲೆಗೆ ಬರಬೇಕು. ಓದುವುದರಲ್ಲಿ ಸೋಮಾರಿಯಾದರೂ ಅವಳು ಎದ್ದು ನಿಂತು ಮಾತಾಡಿದರೆ, ತಪ್ಪು ಹೇಳುತ್ತಿದ್ದಾಳೆಂದು ಗೊತ್ತಿದ್ದವರೂ ಕೊನೆಯವರೆಗೆ ಕೇಳುತ್ತಿದ್ದರು.

ಅವಳ ಪಕ್ಕದ ಬೆಂಚಿನ ಗೆಳತಿ ರಕ್ಷಿತಾ ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯವಳು. ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದವಳು ಬೆಳಿಗ್ಗೆ ಬಂದು ಕೂತ ಕೂಡಲೇ ಊರಿನ ಸುದ್ದಿ ಬಿಚ್ಚುತ್ತಿದ್ದಳು. ಊರಿನ ಸುದ್ದಿಯೆಂದರೆ ಮುಖ್ಯವಾಗಿ ಅವಳ ಅಜ್ಜನ ಕೆಂಪು ಕೋಳಿಯ ಸುದ್ದಿ. ಅಜ್ಜನ ಹೆಸರು ಹುಚ್ಚ ನಾಯ್ಕ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಯಮ ಗಮನಿಸದೆ ಹೋಗಲಿ ಎಂದು ಇಟ್ಟ ಹೆಸರು ಅದು. ಬುದ್ಧಿಯಲ್ಲಿ ಅಜ್ಜ ಬಹಳ ಚುರುಕು. ಅವನ ಕೋಳಿ ದಿನಾ ಬೇಲಿ ನುಸುಳಿ ಪಕ್ಕದ ಮನೆಯ ದೇವಿಯಮ್ಮನ ಹುಲ್ಲುಗೊಣಬೆಯಲ್ಲಿ ಮೊಟ್ಟೆ ಇಟ್ಟು ಬರುತ್ತಿತ್ತು. ಕೋಳಿ ನನ್ನದು, ಮೊಟ್ಟೆಯೂ ನನ್ನದು ಎಂದು ಹುಚ್ಚಜ್ಜ. ಗೊಣಬೆ ನನ್ನದು, ಅದರಲ್ಲಿ ಸಿಕ್ಕಿದ್ದೂ ನನ್ನದು ಎಂದು ದೇವಿಯಮ್ಮ. ಇಬ್ಬರೂ ಬೇಲಿಯ ಆಚೆ ಈಚೆ ನಿಂತು ದಿನಾ ಬೆಳಿಗ್ಗೆ ಇದನ್ನೇ ಕೂಗಾಡುತ್ತಿದ್ದರು. ರಕ್ಷಿತಾ ಇಬ್ಬರ ದನಿಯನ್ನೂ ಹಾಗೆಯೇ ತೆಗೆದು ತೋರಿಸುತ್ತಿದ್ದಳು.

ನಾಲ್ಕನೇ ವರ್ಷದಲ್ಲಿ ಕಾಲೇಜಿನ ಅಣಕು ನ್ಯಾಯಾಲಯದ ಸ್ಪರ್ಧೆ ಬಂತು. ವಿಷಯ ಜೇನು. ಒಬ್ಬ ಸಾಕಿದ ಜೇನುಹುಳುಗಳು ಪೆಟ್ಟಿಗೆ ಬಿಟ್ಟು ಪಕ್ಕದವನ ಮರದಲ್ಲಿ ಹುಟ್ಟು ಕಟ್ಟಿವೆ. ತುಪ್ಪ ಯಾರದು? ಮರದವನ ಪರ ಹುಮಾ, ಪೆಟ್ಟಿಗೆಯವನ ಪರ ವಿಘ್ನೇಶ್ವರ. ನ್ಯಾಯಮೂರ್ತಿಯ ಪೀಠದಲ್ಲಿ ಶಿರಸಿಯ ಹಿರಿಯ ವಕೀಲರೊಬ್ಬರು ಅತಿಥಿಯಾಗಿ ಕೂತಿದ್ದರು. ಸ್ಪರ್ಧೆಯ ಉಸ್ತುವಾರಿ ಸಮೃದ್ಧಿ ಮೇಡಂ ಅವರದು. ಕಾಲೇಜಿಗೆ ಹೊಸದಾಗಿ ಬಂದಿದ್ದ ಈ ಉಪನ್ಯಾಸಕಿ ಪಿಎಚ್‌ಡಿ ಮುಗಿಸುವ ಅವಸರದಲ್ಲಿದ್ದರು. ಅವರು ಮೊದಲ ಸಾಲಿನಲ್ಲಿ ಕೂತಿದ್ದರು.

ಹುಮಾಳ ವಾದ ಸೊಗಸಾಗಿಯೇ ಸಾಗಿತ್ತು. ಹಿರಿಯ ವಕೀಲರು ಕನ್ನಡಕದ ಮೇಲಿಂದ ನೋಡಿ, “ಇದಕ್ಕೆ ಪೂರ್ವನಿದರ್ಶನ ಏನಾದರೂ ಇದೆಯೇ?” ಎಂದು ಕೇಳುವವರೆಗೆ.

ಇರಲಿಲ್ಲ. ಹಿಂದಿನ ದಿನ ಹುಡುಕಬೇಕಿತ್ತು; ಹುಡುಕುವ ಬದಲು ಅವಳು ಮೊಬೈಲಿನಲ್ಲಿ ಮದುವೆಯ ವಿಡಿಯೋ ನೋಡುತ್ತ ಮಲಗಿದ್ದಳು. ಆದರೆ ಬಾಯಿ ತಲೆಗಾಗಿ ಕಾಯುವ ಜಾತಿಯದಲ್ಲ.

“ಇದೆ, ಮಿಲಾರ್ಡ್. ಹುಚ್ಚ ವಿರುದ್ಧ ದೇವಿ.”

ಹೇಳಿದ ಮೇಲೆ ಅರ್ಧಕ್ಕೆ ನಿಲ್ಲಿಸುವಂತಿರಲಿಲ್ಲ. ಈ ಜಿಲ್ಲೆ ಹಿಂದೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತೆಂಬುದು ನೆನಪಾಗಿ, “ಮುಂಬೈ ಹೈಕೋರ್ಟು, ಸಾವಿರದ ಒಂಬೈನೂರ ಮೂವತ್ತೊಂದು” ಎಂದು ಸೇರಿಸಿದಳು. “ಅಲ್ಲಿ ವಿವಾದ ಕೋಳಿಯದು. ಪ್ರಾಣಿ ಯಾರದೇ ಇರಲಿ, ಅದು ಇನ್ನೊಬ್ಬರ ಜಾಗದಲ್ಲಿ ಬಿಟ್ಟುಬಂದದ್ದು ಜಾಗದವರಿಗೆ ಸೇರುತ್ತದೆ ಎಂದು ತೀರ್ಪಾಗಿದೆ.”

ಹಿರಿಯ ವಕೀಲರು ಕನ್ನಡಕ ತೆಗೆದರು.

“ಹೌದು, ಹೌದು” ಎಂದು ಅವರು ತಲೆದೂಗಿದರು. “ಬಹಳ ಹಳೆಯ ತೀರ್ಪು. ಈಗಿನ ಮಕ್ಕಳು ಇದನ್ನೆಲ್ಲ ಓದುವುದೇ ಇಲ್ಲ. ಶಹಬ್ಬಾಸ್. ಮುಂದುವರಿಸಿ.”

ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಹಿಂದಿನ ಬೆಂಚಿನಲ್ಲಿ ರಕ್ಷಿತಾ ಮಾತ್ರ ದುಪ್ಪಟ್ಟಾವನ್ನು ಬಾಯಿಗೆ ತುರುಕಿಕೊಂಡು ಬಗ್ಗಿ ಕೂತಿದ್ದಳು.

ಈಗ ವಿಘ್ನೇಶ್ವರನ ಸರದಿ. ಅವನು ಎದ್ದು ಹುಮಾಳನ್ನೇ ದಿಟ್ಟಿಸಿದ. ಇನ್ನೇನು, ಯಾವ ಪುಟ ಎಂದು ಕೇಳುತ್ತಾನೆ, ತಾನು ಇಲ್ಲಿಂದ ನೇರ ಯಲ್ಲಾಪುರದ ಬಸ್ ಹತ್ತುವುದು ಎಂದು ಅವಳು ಲೆಕ್ಕ ಹಾಕಿದಳು.

“ಮಿಲಾರ್ಡ್, ನನ್ನ ಸಹಪಾಠಿ ಉಲ್ಲೇಖಿಸಿದ ಪ್ರಕರಣ ನನಗೂ ಗೊತ್ತಿದೆ” ಎಂದ ವಿಘ್ನೇಶ್ವರ. “ಆದರೆ ಅವರು ಅದರ ಅರ್ಧವನ್ನಷ್ಟೇ ಹೇಳಿದರು. ಅದರಲ್ಲೊಂದು ಭಿನ್ನ ತೀರ್ಪು ಇದೆ.”

ಹುಮಾಳ ಕೈಯಿಂದ ಪೆನ್ನು ಕೆಳಗೆ ಬಿತ್ತು.

“ಕೋಳಿ ಎಲ್ಲೇ ಅಲೆದರೂ ಸಂಜೆ ಸ್ವಂತ ಗೂಡಿಗೆ ಮರಳುತ್ತದೆ. ಮರಳುವ ಮನಸ್ಸು ಇರುವವರೆಗೆ ಪ್ರಾಣಿ ಒಡೆಯನದೇ. ತಾಯಿಗೆ ಮರಳುವ ಮನಸ್ಸು ಇದ್ದಮೇಲೆ ಮೊಟ್ಟೆಗೂ ಅದೇ ಮನಸ್ಸು ಇತ್ತೆಂದು ಭಾವಿಸಬೇಕು ಎಂದು ಭಿನ್ನಮತದ ನ್ಯಾಯಮೂರ್ತಿಗಳು ಹೇಳಿದ್ದಾರೆ.”

“ಆ ಭಿನ್ನ ತೀರ್ಪಿನ ಭಾಷೆ ಬಹಳ ಚಂದ ಇದೆ” ಎಂದರು ಹಿರಿಯ ವಕೀಲರು, ಕಣ್ಣು ಮುಚ್ಚಿ ಸವಿಯುತ್ತ. ಬಹುಮಾನವನ್ನು ಇಬ್ಬರಿಗೂ ಹಂಚಿ ಹೋದರು.

ಸಭೆ ಮುಗಿದ ಕೂಡಲೇ ಹುಮಾ ಅವನನ್ನು ಕ್ಯಾಂಟೀನಿನ ಹಿಂದೆ ಅಡ್ಡಗಟ್ಟಿದಳು. “ಏ ಪುಟಸಂಖ್ಯೆ, ನಿಂಗೆ ಹೇಗೆ ಗೊತ್ತಾಯ್ತು?”

“ಆ ಕೋಳಿ ಕಥೆನ ರಕ್ಷಿತಾ ದಿನಾ ಇಡೀ ಕಾಲೇಜಿಗೆ ಕೇಳೋ ಹಾಗೆ ಹೇಳ್ತಾಳೆ ಮಾರಾಯ್ತಿ. ನಂಗೆ ಕಿವಿ ಇಲ್ಲೆ ಅಂದ್ಕಂಡ್ಯ?”

“ಮತ್ತೆ ಅಲ್ಲೇ ಹೇಳಿಬಿಡಬಹುದಿತ್ತಲ್ಲ?”

“ಹೇಳಿದ್ರೆ ನಾನು ಗೆಲ್ತಿದ್ದೆ. ಅದು ಪ್ರತಿ ವರ್ಷದ್ದೇ. ಅದ್ರಲ್ಲಿ ಎಂತ ಮಜಾ ಇದ್ದು?” ಎಂದು ಅವನು ತನ್ನ ಕಿವಿ ಮುಟ್ಟಿ ನೋಡಿಕೊಂಡ. “ಕಿವಿ ಇನ್ನೂ ಬಿಸಿ ಇದ್ದು ನೋಡು. ಸುಳ್ಳು ಹೇಳಿದ್ದು ಇದೇ ಮೊದಲು.”

ಹುಮಾ ಅವನನ್ನು ಹೊಸದಾಗಿ ಎಂಬಂತೆ ನೋಡಿದಳು. ಇಸ್ತ್ರಿ ಅಂಗಿಯ ಒಳಗೆ ಇಂಥವನೊಬ್ಬ ಕೂತಿದ್ದಾನೆಂದು ಅವಳಿಗೆ ನಾಲ್ಕು ವರ್ಷ ಗೊತ್ತಾಗಿರಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಚಂದ ಇತ್ತು. ಆದರೆ ಹಿರಿಯ ವಕೀಲರೇ ಹೊಗಳಿದ ತೀರ್ಪೆಂದು ಕಿರಿಯರೆಲ್ಲ ಬರೆದುಕೊಂಡರು. ವಾಟ್ಸಾಪ್ ಗುಂಪಿನ ನೋಟ್ಸಿನಲ್ಲಿ ಅದು ದಪ್ಪಕ್ಷರದಲ್ಲಿ ಬಂತು. ಎರಡನೇ ವರ್ಷದ ಹುಡುಗನೊಬ್ಬ ಫೋನಿನ ಎಐಯನ್ನು ಕೇಳಿದ. ಅದು ಒಂದು ಚೂರೂ ತಡವರಿಸದೆ ಮೂವರು ನ್ಯಾಯಮೂರ್ತಿಗಳ ಹೆಸರು ಕೊಟ್ಟಿತು, ಕೋಳಿಯ ಬಣ್ಣವನ್ನೂ ಹೇಳಿತು. ಅವನು ಅದನ್ನು ಹುಮಾಳಿಗೆ ತೋರಿಸಿದಾಗ ಅವಳಿಗೆ ಮೈಯೆಲ್ಲ ಚುರುಗುಟ್ಟಿತು. ತಾನು ಕಷ್ಟಪಟ್ಟು ಸ್ವಂತ ತಲೆಯಿಂದ ಹುಟ್ಟಿಸಿದ್ದನ್ನು ಈ ಯಂತ್ರ ಬಿಟ್ಟಿಯಾಗಿ ಬೆಳೆಸುತ್ತಿದೆಯಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು.

ಸಮೃದ್ಧಿ ಮೇಡಂ ಗ್ರಂಥಾಲಯದಲ್ಲಿ ಆ ವರ್ಷದ ಸಂಪುಟ ಹುಡುಕಿದರು. ಆ ಸಾಲಿನ ಹಲವು ಸಂಪುಟಗಳನ್ನು ಎಂದೋ ಗೆದ್ದಲು ತಿಂದಿತ್ತು. ಅದರಲ್ಲೇ ಇದ್ದಿರಬೇಕು ಎಂದುಕೊಂಡ ಅವರು ಮೂರನೇ ವರ್ಷದವರ ಕಿರುಪರೀಕ್ಷೆಯಲ್ಲಿ, ‘ಟಿಪ್ಪಣಿ ಬರೆಯಿರಿ: ಹುಚ್ಚ ವಿರುದ್ಧ ದೇವಿ’ ಎಂದು ಕೇಳಿಯೇ ಬಿಟ್ಟರು.

ಪರೀಕ್ಷೆ ಮುಗಿದು ಹೊರಗೆ ಬಂದ ಹುಡುಗಿಯರು ಹುಮಾಳನ್ನು ಸುತ್ತುವರಿದರು. “ಅಕ್ಕಾ, ನಾನು ಬರೆದದ್ದು ಸರಿ ಉಂಟಾ? ದೇವಿ ಅಂದ್ರೆ ದೇವಸ್ಥಾನದ ದೇವಿ. ದೇವರು ಕಾನೂನಿನ ಕಣ್ಣಲ್ಲಿ ವ್ಯಕ್ತಿ, ಆದ್ದರಿಂದ ಆಸ್ತಿ ಹೊಂದಬಹುದು. ಕೋಳಿ ಹರಕೆಯದ್ದು.”

“ಅಲ್ಲ ಅಕ್ಕಾ” ಎಂದಳು ಇನ್ನೊಬ್ಬಳು. “ಇದು ಮಾನಸಿಕ ಅಸ್ವಸ್ಥನ ಕೇಸು. ಬುದ್ಧಿ ಸ್ಥಿಮಿತ ಇಲ್ಲದವನು ಮಾಡಿದ ಕರಾರು ಊರ್ಜಿತವಲ್ಲ. ಅದ್ಕೇ ಹುಚ್ಚ.”

ಮೂರನೆಯವಳು ಮೊಟ್ಟೆಗೆ ವಾರಸಾ ಹಕ್ಕು ಕೊಟ್ಟು ಎರಡು ಪುಟ ಬರೆದಿದ್ದಳು. ಮೂವರಿಗೂ ಒಳ್ಳೆಯ ಅಂಕ ಬಂತು.

“ಇದನ್ನು ಕೊಲ್ಲಬೇಕು” ಎಂದಳು ಹುಮಾ, ಗ್ರಂಥಾಲಯದ ಮೂಲೆಯಲ್ಲಿ ವಿಘ್ನೇಶ್ವರನ ಎದುರು ಕೂತು.

“ಹೇಗೆ?”

“ತೀರ್ಪನ್ನು ಸಾಯಿಸೋದು ಹೇಗೆ ಅಂತ ಪುಸ್ತಕದಲ್ಲೇ ಇದೆಯಲ್ಲ. ಇನ್ನೂ ದೊಡ್ಡ ಪೀಠ ರದ್ದು ಮಾಡ್ಬೇಕು.”

ವಿಘ್ನೇಶ್ವರ ಬಹಳ ಹೊತ್ತು ತಲೆ ಕೆರೆದುಕೊಂಡ. ಮುಂದಿನ ವಿಚಾರಗೋಷ್ಠಿಯಲ್ಲಿ ಹುಮಾ ಎದ್ದು, ‘ಹುಚ್ಚ ವಿರುದ್ಧ ದೇವಿ’ಯನ್ನು ಐವರು ನ್ಯಾಯಮೂರ್ತಿಗಳ ಪೀಠ ಎಂದೋ ರದ್ದು ಮಾಡಿದೆ, ಇನ್ನು ಅದನ್ನು ಯಾರೂ ಉಲ್ಲೇಖಿಸುವಂತಿಲ್ಲ ಎಂದು ಗಂಭೀರವಾಗಿ ಸಾರಿದಳು. ವಿಘ್ನೇಶ್ವರ ದುಃಖದಿಂದ ತಲೆ ಅಲ್ಲಾಡಿಸಿ ಬೆಂಬಲಿಸಿದ.

ಸಮೃದ್ಧಿ ಮೇಡಂ ಕಣ್ಣರಳಿಸಿದರು. “ಐವರ ಪೀಠವೇ? ಹಾಗಾದರೆ ಇದು ನಾನಂದುಕೊಂಡದ್ದಕ್ಕಿಂತ ಎಷ್ಟೋ ಮುಖ್ಯವಾದ ಪ್ರಕರಣ! ಇದರ ಮೇಲೆ ನಾನೊಂದು ಲೇಖನ ಬರೆಯುತ್ತೇನೆ. ನೀವಿಬ್ಬರೂ ಸಹಾಯ ಮಾಡಬೇಕು.”

ಆಮೇಲಿನ ದಿನಗಳಲ್ಲಿ ಹುಮಾಳಿಗೆ ಊಟ ಸೇರಲಿಲ್ಲ. ಮೇಡಂ ಒಳ್ಳೆಯವರು, ಅವಳು ಜ್ವರ ಬಂದು ಮಲಗಿದಾಗ ಹಾಸ್ಟೆಲಿಗೆ ಗಂಜಿ ತಂದುಕೊಟ್ಟವರು. ಹೇಳಿಬಿಡಬೇಕೆಂದು ಅವಳು ಉಪನ್ಯಾಸಕರ ಕೋಣೆಯ ಬಾಗಿಲವರೆಗೆ ಹೋಗುತ್ತಿದ್ದಳು, ಒಳಗಿನಿಂದ “ಬಾ ಹುಮಾ, ಈ ವಾಕ್ಯ ನೋಡು, ಹೇಗಿದೆ?” ಎಂಬ ಉತ್ಸಾಹದ ದನಿ ಕೇಳಿದೊಡನೆ ನಾಲಗೆ ಅಂಟಿಕೊಳ್ಳುತ್ತಿತ್ತು. ಪೊಲೀಸರ ಎದುರು ತಿರುಗಿ ಬಿದ್ದ ನಾಲಗೆ ಇದೇನಾ ಎಂದು ಅವಳಿಗೇ ಅನುಮಾನ.

ಹೀಗಿರುವಾಗ ಕಾಲೇಜಿನ ಕಾನೂನು ಅರಿವು ಶಿಬಿರ ಗೊತ್ತಾಯಿತು. ಊರು ಕೋಲಸಿರ್ಸಿ. ರಕ್ಷಿತಾಳೇ ಮುಂದೆ ನಿಂತು ಶಾಲೆಯ ಸಭಾಂಗಣ ಕೇಳಿ ಕೊಡಿಸಿದ್ದಳು. ಹೋಗುವ ಬಸ್ಸಿನಲ್ಲಿ ಹುಮಾ ಧೈರ್ಯ ಮಾಡಿ ಮೇಡಂ ಪಕ್ಕದಲ್ಲೇ ಕೂತಳು. ಇವತ್ತು ಹೇಳಿಯೇ ತೀರುವುದು.

“ಮೇಡಂ, ಆ ಲೇಖನ...”

“ನಿನ್ನೆ ಕಳಿಸಿಬಿಟ್ಟೆ!” ಎಂದರು ಮೇಡಂ. ಹುಮಾ ಕಿಟಕಿಯಾಚೆಯ ಗದ್ದೆಗಳನ್ನು ನೋಡುತ್ತ ಕೂತುಬಿಟ್ಟಳು.

ಶಿಬಿರಕ್ಕೆ ಜನ ಚೆನ್ನಾಗಿಯೇ ಸೇರಿದ್ದರು. ಸಮೃದ್ಧಿ ಮೇಡಂ ಉಚಿತ ಕಾನೂನು ನೆರವಿನ ಬಗ್ಗೆ ಮಾತಾಡಿ, “ಯಾರಿಗಾದರೂ ಏನಾದರೂ ಕೇಳುವುದಿದ್ದರೆ ಕೇಳಿ” ಎಂದರು. ಆಗ ಹಿಂದಿನಿಂದ ಒಬ್ಬ ಮುದುಕ ಎದ್ದು ಬಂದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕಂಕುಳಲ್ಲಿ ಒಂದು ಕೆಂಪು ಕೋಳಿ. ರಕ್ಷಿತಾಳ ಮುಖ ಬಿಳುಚಿತು. ಹಿಂದಿನ ರಾತ್ರಿಯ ಊಟದ ಹೊತ್ತಿಗೆ ಅಜ್ಜನನ್ನು ರೇಗಿಸಲೆಂದು ಅವಳು ಒಂದು ಮಾತು ಆಡಿದ್ದಳು. ಅದು ಕೋಳಿ ಹೊತ್ತು ಇಲ್ಲಿಯವರೆಗೆ ನಡೆದು ಬರುತ್ತದೆಂದು ಎಣಿಸಿರಲಿಲ್ಲ.

“ಅಮ್ಮಾ” ಎಂದ ಮುದುಕ, “ನನ್ ಕೇಸು ಬೊಂಬಾಯಲ್ಲಿ ತೀರ್ಪಾಗಿದ್ಯಂತೆ. ಮೊಮ್ಮಗಳು ಹೇಳ್ತು. ಗೆದ್ದದ್ದು ಯಾರು, ನಾನಾ, ಅವಳಾ?”

“ಯಾವ ಕೇಸು ಅಜ್ಜಾ? ನಿಮ್ಮ ಹೆಸರೇನು?”

“ಹುಚ್ಚ.”

ಮೇಡಂ ಕೈಯಲ್ಲಿದ್ದ ಮೈಕು ಸ್ವಲ್ಪ ಕೆಳಗಿಳಿಯಿತು. “ಎದುರು ಪಾರ್ಟಿ?”

“ನಾನೇ” ಎಂದು ಹೆಂಗಸರ ಸಾಲಿನಿಂದ ತುಂಬು ದನಿಯೊಂದು ಬಂತು. “ದೇವಿ. ಕೋಳಿ ಅವರದ್ದು, ಗೊಣಬೆ ನಂದು. ಹೇಳಿ, ಎಂತ ಅಂದ್ರು ಬೊಂಬಾಯವರು?”

“ಆದರೆ ಅದು... ಸಾವಿರದ ಒಂಬೈನೂರ ಮೂವತ್ತೊಂದು...”

“ಆಗ ನಾನು ಹುಟ್ಟೇ ಇರ್ಲಿಲ್ವಲ್ಲ!” ಎಂದ ಹುಚ್ಚಜ್ಜ.

ಸಮೃದ್ಧಿ ಮೇಡಂ ನಿಧಾನವಾಗಿ ವಿದ್ಯಾರ್ಥಿಗಳ ಕಡೆ ತಿರುಗಿದರು. ಹುಮಾ ಎದ್ದಳು. ಬೆಂಚು ಹಿಡಿದುಕೊಂಡೇ, “ಮೇಡಂ, ಆ ತೀರ್ಪು ಇಲ್ಲ. ನಾನು ಹುಟ್ಟಿಸಿದ್ದು. ಐವರ ಪೀಠವೂ ಇಲ್ಲ” ಎಂದಳು. ಒಂದು ಕ್ಷಣದ ನಂತರ ಪಕ್ಕದಲ್ಲಿ ಇನ್ನೊಂದು ಬೆಂಚು ಕಿರುಗುಟ್ಟಿತು. “ಭಿನ್ನ ತೀರ್ಪು ನಂದು ಮೇಡಂ” ಎಂದ ವಿಘ್ನೇಶ್ವರ.

ಮೇಡಂ ಗೋಡೆಯ ಕಡೆ ಮುಖ ಮಾಡಿ ನಿಂತರು. ಅವರ ಭುಜ ಅಲುಗುತ್ತಿತ್ತು. ಅಳಿಸಿಬಿಟ್ಟೆವಲ್ಲ ಎಂದುಕೊಂಡಳು ಹುಮಾ. ಆದರೆ ತಿರುಗಿದಾಗ ಮೇಡಂ ಕಣ್ಣಲ್ಲಿ ನೀರಿದ್ದರೂ ಅದು ನಕ್ಕು ಬಂದ ನೀರು. ನಗುವಿನ ಹಿಂದೆಯೇ ಸಿಟ್ಟು ಬಂತು. “ಇಬ್ಬರೂ ಮುಂದೆ ಬನ್ನಿ” ಎಂದರು. “ಇವರು ನಿಜ, ಕೋಳಿ ನಿಜ. ಈಗ ಇಲ್ಲೇ ವಾದ ಮಾಡಿ. ಒಂದೇ ಒಂದು ಸುಳ್ಳು ಬಾಯಿಂದ ಬಂದರೂ ಇಬ್ಬರನ್ನೂ ಇಲ್ಲಿಂದ ಶಿರಸಿಗೆ ನಡೆಸಿಕೊಂಡು ಹೋಗುತ್ತೇನೆ. ಹುಮಾ, ನೀನು ದೇವಿಯಮ್ಮನ ಪರ.”

“ನಂಗೆ ಆ ಹುಡುಗಿ ಬೇಡ” ಎಂದಳು ದೇವಿಯಮ್ಮ. “ಈಗಷ್ಟೇ ಸುಳ್ಳು ಹೇಳ್ದೆ ಅಂತ ಅವಳೇ ಹೇಳ್ತಲ್ಲ. ನಂಗೆ ಆ ಎಣ್ಣೆ ತಲೆ ಮಾಣಿ ಇರ್ಲಿ.”

“ನಂಗೆ ಹುಡುಗೀನೇ ಸಾಕು” ಎಂದ ಹುಚ್ಚಜ್ಜ. “ಬೊಂಬಾಯವರೆಗೆ ನನ್ನ ಹೆಸರು ಮುಟ್ಸಿದ್ದು ಅದೇ ಅಲ್ದಾ!”

ಹೀಗೆ ಹುಮಾ ತಾನೇ ಹುಟ್ಟಿಸಿದ ತೀರ್ಪಿನ ವಿರುದ್ಧ ವಾದಿಸಬೇಕಾಯಿತು. ವಿಘ್ನೇಶ್ವರನಿಗೆ ತನ್ನ ಚಂದದ ಭಿನ್ನ ತೀರ್ಪನ್ನು ಮುರಿಯಬೇಕಾಯಿತು. ಮೊದಲು ಅವನು ಎದ್ದು, ಜಾನುವಾರು ಅತಿಕ್ರಮದ ಬಗ್ಗೆ ಬ್ರಿಟಿಷರ ಕಾಲದ ಒಂದು ಕಾಯ್ದೆ ಇದೆ, ಇದು ಖಂಡಿತ ಇದೆ ಮೇಡಂ, ಬೇಕಾದರೆ ನೋಡಿ ಎಂದು ಶುರು ಮಾಡಿದ. “ಅದರ ಪ್ರಕಾರ ಜಾನುವಾರು ಅಂದ್ರೆ ಆನೆ, ಒಂಟೆ, ಎಮ್ಮೆ, ಕುದುರೆ, ಕತ್ತೆ, ಹಂದಿ, ಕುರಿ, ಮೇಕೆ...”

“ಕೋಳಿ?” ಎಂದಳು ದೇವಿಯಮ್ಮ.

“ಕೋಳಿ... ಇಲ್ಲ.”

“ನನ್ ಗೊಣಬೆಗೆ ಒಂಟೆ ಬಂದ್ರೆ ಕೇಸು ಹಾಕ್ಬಹುದು, ಕೋಳಿ ಬಂದ್ರೆ ಇಲ್ಲ! ನೀನು ಯಾರ ಪರ ಮಾಣಿ?”

ಸಭೆ ಗೊಳ್ಳೆಂದಿತು. ಗದ್ದಲಕ್ಕೆ ಬೆದರಿದ ಕೋಳಿ ಹುಚ್ಚಜ್ಜನ ಕಂಕುಳಿನಿಂದ ಹಾರಿ ಮೇಡಂ ಮುಂದಿನ ನೀರಿನ ಲೋಟ ಬೀಳಿಸಿ, ಬೆಂಚುಗಳ ಕೆಳಗೆಲ್ಲ ಓಡಾಡಿತು. ಅದನ್ನು ಹಿಡಿಯಲು ಅರ್ಧ ಕಾಲೇಜು ನೆಲಕ್ಕೆ ಬಾಗಿತು.

ಗದ್ದಲ ತಣ್ಣಗಾದ ಮೇಲೆ ಹುಮಾ ಎದ್ದಳು. ಹೇಳಲು ನಿದರ್ಶನ ಇಲ್ಲ, ಹುಟ್ಟಿಸುವಂತಿಲ್ಲ. ಉಳಿದದ್ದು ಪ್ರಶ್ನೆ ಕೇಳುವುದೊಂದೇ. “ದೇವಿಯಮ್ಮ, ಊರಲ್ಲಿ ಇಷ್ಟು ಮನೆ ಇದೆ. ಕೋಳಿ ನಿಮ್ಮ ಮನೆಗೇ ಯಾಕೆ ಬರ್ತದೆ?”

“ಅದಕ್ಕೆ ಇಷ್ಟ, ಬರ್ತದೆ.”

“ಬಂದಾಗ ನೀವು ಏನಾದ್ರೂ ಹಾಕ್ತೀರಾ?”

ದೇವಿಯಮ್ಮ ಸೆರಗು ಸರಿಮಾಡಿಕೊಂಡಳು. “ಬಂದದ್ದನ್ನ ಬರಿ ಹೊಟ್ಟೆಲಿ ಕಳ್ಸೂಕೆ ಆಗ್ತದಾ? ಒಂದು ಮುಷ್ಟಿ ಭತ್ತ ಬೀರ್ತೆ. ಅದ್ರಲ್ಲಿ ಎಂತ?”

“ಅಂದ್ರೆ ಕರೆದು ಕೂರ್ಸಿಕೊಂಡು ಮೊಟ್ಟೆ ತಗೊಳ್ತೀರಿ!” ಎಂದಳು ಹುಮಾ. ಹುಚ್ಚಜ್ಜ ಗೆದ್ದವನಂತೆ ಟವೆಲು ಕೊಡವಿದ.

ವಿಘ್ನೇಶ್ವರ ಬಿಡಲಿಲ್ಲ. “ಅಜ್ಜಾ, ಬೇಲಿ ನಿಮ್ಮದಲ್ದಾ? ಕಂಡಿ ಇದೆ ಅಂತ ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಕಟ್ಟಲಿಲ್ಲ?”

ಹುಚ್ಚಜ್ಜ ಕೋಳಿಯ ಬೆನ್ನು ಸವರಿದ.

“ಕಟ್ಟಿಬಿಟ್ರೆ ಮತ್ತೆ ಬೆಳಿಗ್ಗೆ ಎದ್ದು ಯಾರ ಹತ್ರ ಜಗಳ ಆಡೂದು?” ಎಂದ. “ನಮ್ಮನೇಲಿ ಎಲ್ರೂ ಮೊಬೈಲ್ ನೋಡ್ತ್ರು. ಮಾತಿಗೆ ಮಾತು ಕೊಡೂದು ಅವಳೊಬ್ಬಳೇ.”

ರಕ್ಷಿತಾ ಕೈಯಲ್ಲಿದ್ದ ಮೊಬೈಲನ್ನು ಮೆಲ್ಲಗೆ ಬ್ಯಾಗಿಗೆ ಹಾಕಿದಳು. ದೇವಿಯಮ್ಮ ಮಾತ್ರ ಗೋಡೆಯ ಮೇಲಿನ ಭೂಪಟವನ್ನು ಬಹಳ ಆಸಕ್ತಿಯಿಂದ ನೋಡುತ್ತ, “ಈ ನಾಯ್ಕರಿಗೆ ವಯಸ್ಸಾದ್ರೂ ನಾಲಗೆ ಸಣ್ಣ ಆಗಲಿಲ್ಲ” ಎಂದಳು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಆಮೇಲೆ ನಗು ತಡೆಯುವವರೇ ಇರಲಿಲ್ಲ.

ಸಮೃದ್ಧಿ ಮೇಡಂ ಮೈಕು ಎತ್ತಿಕೊಂಡರು. “ಉಭಯ ಪಕ್ಷಗಳ ವಾದ ಆಲಿಸಲಾಗಿದೆ. ತೀರ್ಪನ್ನು ಕಾದಿರಿಸಲಾಗಿದೆ.”

“ಅಂದ್ರೆ?” ಎಂದ ಹುಚ್ಚಜ್ಜ.

“ಅಂದರೆ ತೀರ್ಪು ಬರುವವರೆಗೆ ಈಗ ಹೇಗೆ ನಡೆಯುತ್ತಿದೆಯೋ ಹಾಗೇ ನಡೆಯಬೇಕು.”

“ಯಾವಾಗ ಬರ್ತದೆ?”

“ನಮ್ಮ ದೇಶದಲ್ಲಿ ಅದನ್ನು ಹೇಳಲಿಕ್ಕಾಗುವುದಿಲ್ಲ ಅಜ್ಜಾ.”

ಇಬ್ಬರಿಗೂ ಇದು ಬಹಳ ನ್ಯಾಯವಾಗಿ ಕಂಡಿತು. ದೇವಿಯಮ್ಮ ಕಾಲೇಜಿನವರಿಗೆಲ್ಲ ಚಾ ಮಾಡಿಸಿದಳು.

ಮರಳಿ ಹೋಗುವ ಬಸ್ಸಿನಲ್ಲಿ, ಮೊಬೈಲಿಗೆ ಸಿಗ್ನಲ್ ಸಿಕ್ಕಿದ ಕೂಡಲೇ ಮೇಡಂ ಪತ್ರಿಕೆಯ ಸಂಪಾದಕರಿಗೆ, ಲೇಖನ ವಾಪಸ್ ಪಡೆಯುತ್ತಿದ್ದೇನೆ, ಆ ಪ್ರಕರಣ ಇಲ್ಲ ಎಂದು ಬರೆದರು. ಆಮೇಲೆ ಇಬ್ಬರಿಗೂ ಶಿಕ್ಷೆ ಹೇಳಿದರು. ಮೂರನೇ ವರ್ಷದವರ ಮುಂದೆ ನಿಂತು ನಿಜ ಹೇಳಬೇಕು, ಆ ಸೆಮಿಸ್ಟರ್ ಪೂರ್ತಿ ದಿನಾ ಸಂಜೆ ಗ್ರಂಥಾಲಯದಲ್ಲಿ ಕೂತು ಮೇಡಂ ಪಿಎಚ್‌ಡಿ ಪ್ರಬಂಧದ ಪ್ರತಿಯೊಂದು ಉಲ್ಲೇಖವನ್ನೂ ಮೂಲದಲ್ಲಿ ತೆರೆದು ನೋಡಬೇಕು.

ಮೂರನೇ ವರ್ಷದವರ ಮುಂದೆ ನಿಜ ಹೇಳಿದ್ದೇ ಕಷ್ಟವಾಯಿತು. ಮೊಟ್ಟೆಗೆ ವಾರಸಾ ಹಕ್ಕು ಕೊಟ್ಟವಳು ಅಳುವ ದನಿಯಲ್ಲಿ, “ಹಾಗಾದ್ರೆ ನನ್ನ ಅಂಕ ಎಂತ ಆಗ್ತದೆ ಅಕ್ಕಾ?” ಎಂದಳು.

ಗ್ರಂಥಾಲಯ ಮಾತ್ರ ಅವಳು ಅಂದುಕೊಂಡಂತೆ ಇರಲಿಲ್ಲ. ಮೊದಮೊದಲು ಧೂಳಿಗೆ ಸೀನುತ್ತ ಕೂತವಳು, ಹಳೆಯ ಸಂಪುಟಗಳಲ್ಲಿ ತಾನು ಹುಟ್ಟಿಸಿದ್ದಕ್ಕಿಂತ ವಿಚಿತ್ರವಾದ ಜಗಳಗಳು ಸಾಲುಸಾಲಾಗಿ ಇರುವುದನ್ನು ಕಂಡಳು. ಬಾವಿಯ ಹಗ್ಗಕ್ಕೆ ಹೊಡೆದಾಡಿದವರು, ಮಾವಿನ ಮರದ ನೆರಳಿಗೆ ಮೇಲ್ಮನವಿ ಹೋದವರು, ಮೂರು ತಲೆಮಾರು ಒಂದು ಕಾಲುದಾರಿಗಾಗಿ ಕೋರ್ಟು ಹತ್ತಿದವರು. ಇಷ್ಟೆಲ್ಲ ಇಲ್ಲೇ ಬಿದ್ದಿರುವಾಗ ತಾನು ಸುಳ್ಳು ಹೇಳುವ ಕಷ್ಟ ಯಾಕೆ ತಗೊಂಡೆ ಎನಿಸಿತು. “ಏ, ಇದನ್ನ ಕೇಳು” ಎಂದು ಅವಳು ಓದುತ್ತಿದ್ದರೆ ವಿಘ್ನೇಶ್ವರ ಎದುರಿನ ಕುರ್ಚಿಯಲ್ಲಿ ಸದ್ದಿಲ್ಲದೆ ನಗುತ್ತಿದ್ದ.

ಒಂದು ಸಂಜೆ ಸಮೃದ್ಧಿ ಮೇಡಂ ಮೊಬೈಲು ಹಿಡಿದು ಅಲ್ಲಿಗೇ ಬಂದರು. ಸಂಪಾದಕರ ಉತ್ತರ ಬಂದಿತ್ತು. ‘ದಯವಿಟ್ಟು ಲೇಖನ ಹಿಂತೆಗೆದುಕೊಳ್ಳುವ ನಿರ್ಧಾರವನ್ನು ಮರುಪರಿಶೀಲಿಸಿ. ಪರಿಶೀಲಕರು ಬಹಳ ಮೆಚ್ಚಿದ್ದಾರೆ. ಈ ಪ್ರಕರಣ ತಮಗೆ ಮೊದಲಿನಿಂದಲೂ ಚೆನ್ನಾಗಿ ಪರಿಚಿತವೆಂದು ಅವರು ತಿಳಿಸಿದ್ದಾರೆ.’ ಮೂವರೂ ನಕ್ಕ ರಭಸಕ್ಕೆ ಗ್ರಂಥಪಾಲಕರು ಎದ್ದು ಬಂದು ಹೊರಗೆ ಹಾಕಿದರು.

ರಜೆಗೆ ಯಲ್ಲಾಪುರಕ್ಕೆ ಹೋದಾಗ ಹುಮಾ ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ಗನಿ ಹಣೆ ಹಣೆ ಬಡಿದುಕೊಂಡ. ಬಿಸ್ಮಿಲ್ಲಾ ಬಿಗೆ ಸುಳ್ಳು ತೀರ್ಪಿನ ಗೊಡವೆ ಇರಲಿಲ್ಲ.

“ಆ ಅಜ್ಜನ ಹೆಂಡತಿ ಇದ್ದಾಳಾ?”

“ಇಲ್ಲ ದಾದಿ, ಹೋಗಿ ಬಹಳ ವರ್ಷ ಆಯ್ತು.”

“ದೇವಿಯ ಗಂಡ?”

“ಅವರೂ ಇಲ್ಲ.”

“ಮತ್ತೆ ಅವರಿಗೆ ವಕೀಲರು ಯಾಕೆ? ಊರಲ್ಲಿ ಬುದ್ಧಿ ಇರುವ ಹಿರಿಯರು ಯಾರೂ ಇಲ್ಲವಾ?”

ಓದು ಮುಗಿಸಿದ ಹುಮಾ ಈಗ ಯಲ್ಲಾಪುರದಲ್ಲೇ ಒಬ್ಬ ಹಿರಿಯರ ಕೈಕೆಳಗೆ ವಕೀಲಿ ಮಾಡುತ್ತಿದ್ದಾಳೆ. ವಿಘ್ನೇಶ್ವರ ಶಿರಸಿಯಲ್ಲಿದ್ದಾನೆ. ಆಗಾಗ ಇಬ್ಬರೂ ಎದುರುಬದುರಾಗುತ್ತಾರೆ, ಕೋರ್ಟು ಮುಗಿದ ಮೇಲೆ ಒಟ್ಟಿಗೆ ಚಾ ಕುಡಿಯುತ್ತಾರೆ. ಅವಳು ಮೊದಲ ಸಲ ಒಬ್ಬಳೇ ನಿಂತು ವಾದಿಸಿದ ದಿನ ಗನಿ ಲಾರಿ ನಿಲ್ಲಿಸಿ ತಾಯಿಯನ್ನು ಕರೆತಂದು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದ. ವಾದದ ನಡುವೆ ನ್ಯಾಯಾಧೀಶರು, “ಈ ಅಂಶಕ್ಕೆ ತೀರ್ಪು ಯಾವುದಿದೆ?” ಎಂದು ಕೇಳಿದರು.

“ಈಗ ಗೊತ್ತಿಲ್ಲ ಸ್ವಾಮಿ. ನೋಡಿ ನಾಳೆ ಹೇಳುತ್ತೇನೆ” ಎಂದಳು ಹುಮಾ.

ಕೋರ್ಟಿನಲ್ಲಿ ಆ ಮಾತು ಅಪರೂಪದ್ದಿರಬೇಕು. ಕಡತ ನೋಡುತ್ತಿದ್ದ ವಕೀಲರೆಲ್ಲ ತಲೆ ಎತ್ತಿದರು. ನ್ಯಾಯಾಧೀಶರೂ ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿ, ಸಣ್ಣಗೆ ನಕ್ಕು, ಮರುದಿನದ ತಾರೀಖು ಕೊಟ್ಟರು.

ಬಿಸ್ಮಿಲ್ಲಾ ಬಿಗೆ ಮಾತ್ರ ಬಹಳ ಬೇಸರವಾಯಿತು. ಕೋರ್ಟಿನ ಮೆಟ್ಟಿಲಿಳಿಯುವಾಗ ಮಗನ ತೋಳು ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ, “ಐದು ವರ್ಷ ಓದಿಸಿದ್ದು ‘ಗೊತ್ತಿಲ್ಲ’ ಅನ್ನಲಿಕ್ಕಾ? ಅದನ್ನು ನಾನು ಮನೆಯಲ್ಲೇ ಕೂತು ಹೇಳ್ತಿದ್ದೆ” ಎಂದಳು.